ಗ್ಯಾಸಿಗೊಂದು ಶಿಫಾರಸು

ಸರದಿಯಲ್ಲಿ ನಿಲ್ಲುವುದು ಗುರುತು ಪರಿಚಯ ಇಲ್ಲದವರ ಕೆಲಸ ಎಂದು ನಾನು ಎಪ್ಪತ್ತು ವರ್ಷ ನಂಬಿಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು, ಮಾಲೇಕಲ್ಲಿನ ದೇವಸ್ಥಾನದಲ್ಲಿ ಪರಿಚಯದವರನ್ನು ಹುಡುಕಿ ಪಕ್ಕದ ಬಾಗಿಲಿಂದ ನುಗ್ಗುವುದು, ಇವೆಲ್ಲ ನನಗೆ ಹುಟ್ಟಿನಿಂದ ಬಂದ ವಿದ್ಯೆಗಳು. ಎಸ್ಸೆಸ್ಸೆಲ್ಸಿಯಲ್ಲಿ ಇವಕ್ಕೆ ಅಂಕ ಕೊಡುತ್ತಿದ್ದರೆ ನಾನು ಕೊಬ್ಬರಿ ವ್ಯಾಪಾರಕ್ಕೆ ಇಳಿಯುತ್ತಲೇ ಇರಲಿಲ್ಲ. ಅರಸೀಕೆರೆಯಲ್ಲಿ ಈ ವಿದ್ಯೆಯ ಕೊನೆಯ ಮೆಟ್ಟಿಲೆಂದರೆ ಶಾಸಕರ ಮನೆಯಿಂದ ಫೋನ್ ಮಾಡಿಸುವುದು.

ಹೋದ ವರ್ಷ ನೆಂಟರ ಮನೆಯಲ್ಲಿ ಏಳು ಹೋಳಿಗೆ ತಿಂದು ಎದೆ ಉರಿ ಹತ್ತಿತು. ನಾನು ಆಸ್ಪತ್ರೆ ಮುಟ್ಟುವ ಮುಂಚೆಯೇ ಶಾಸಕರ ಪಿ.ಎ.ಯ ಫೋನ್ ಮುಟ್ಟಿತ್ತು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಆಗ ಖಾಲಿ ಇದ್ದದ್ದು ಆಕ್ಸಿಜನ್ ಇರುವ ಒಂದೇ ಮಂಚ. ಅದರ ಮೇಲೆ ನನ್ನನ್ನು ಮಲಗಿಸಿದರು. ಹುಲಿಕೆರೆಯಿಂದ ಬಂದಿದ್ದ ಒಬ್ಬ ಹೆಂಗಸು ಉಬ್ಬಸದಿಂದ ಏದುತ್ತ ಬೆಂಚಿನ ಮೇಲೇ ಉಳಿದಳು. ಇನ್ನೊಬ್ಬ ರೋಗಿಯ ಬಳಿ ಇದ್ದ ಡಾಕ್ಟರಮ್ಮ ಓಡಿ ಬಂದು ಆಕೆಯ ನೀಲಿಗಟ್ಟಿದ ತುಟಿ ನೋಡಿದರು, ನನ್ನ ಇಸಿಜಿ ನೋಡಿದರು.

"ಯಜಮಾನ್ರೇ, ನಿಮಗಾಗಿರೋದು ಗ್ಯಾಸು. ಇಳೀರಿ."

"ನಾನ್ಯಾರು ಗೊತ್ತೇನಮ್ಮಾ? ನಾಳೆನೇ ನಿನ್ನ ಬೀದರ್‌ಗೆ ಎತ್ತಂಗಡಿ ಮಾಡಿಸ್ತೀನಿ!"

ಅವರು ನನ್ನ ಕಂಕುಳಿಗೆ ಕೈಹಾಕಿ ಕೊಬ್ಬರಿ ಮೂಟೆಯಂತೆ ಕೆಳಗಿಳಿಸಿದರು. ಆ ಹೆಂಗಸು ಬದುಕಿದಳು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಶಾಸಕರ ಜಗುಲಿಯಲ್ಲಿ ಕೂರುವ ಚಾಳಿ ಬಿಡಲಿಲ್ಲ. ಅಲ್ಲಿ ಕೆಲಸವೇನೂ ಇಲ್ಲ, ಕೂತಿದ್ದನ್ನು ನಾಲ್ಕು ಜನ ನೋಡಬೇಕು, ಅಷ್ಟೆ. ಮೊನ್ನೆ ಅರಸೀಕೆರೆ, ಬೇಲೂರು, ಹಳೇಬೀಡಿನ ಮೂವರು ತುರ್ತು ಚಿಕಿತ್ಸೆಯ ವೈದ್ಯರು ಅಲ್ಲಿಗೆ ಬಂದರು. ಮುಂದೆ ಅದೇ ಡಾಕ್ಟರಮ್ಮ! ನಾನು ಪೇಪರಿನ ಹಿಂದೆ ಅಡಗಿದೆ. ಉಳಿದವರೆಲ್ಲ ಹಾರ, ಶಾಲು ಹಿಡಿದಿದ್ದರೆ ಈ ಮೂವರ ಕೈಯಲ್ಲಿ ಇದ್ದದ್ದು ಒಂದೇ ಹಾಳೆ.

"ಸರ್, ಜೀವಕ್ಕೆ ಅಪಾಯ ಇರೋರು ಮೊದಲು, ಉಳಿದೋರು ಆಮೇಲೆ. ಯಾರ ಫೋನ್ ಬಂದ್ರೂ ಇದು ತಪ್ಪಬಾರದು. ಇಡೀ ರಾಜ್ಯಕ್ಕೆ ನಿಯಮ ಆಗಬೇಕು. ನೀವು ಸದನದಲ್ಲಿ ಕೇಳಬೇಕು."

ಶಾಸಕರು ನಕ್ಕರು. "ಫೋನ್ ಮಾಡ್ದಿದ್ರೆ ಜನ ಓಟು ಹಾಕ್ತಾರೇನಮ್ಮಾ? ನನ್ನ ಫೋನಿಂದ ಯಾರಿಗೆ ತೊಂದ್ರೆ ಆಗೈತೆ, ಹೇಳಿ."

ಡಾಕ್ಟರಮ್ಮ ಹುಲಿಕೆರೆಯ ಹೆಂಗಸಿನ ವಿಷಯ ಹೇಳಿದರು.

"ಮಂಚದ ಮೇಲಿದ್ದ ಆಸಾಮಿ ಯಾರು?"

ಡಾಕ್ಟರಮ್ಮನ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತು ಮುಂದೆ ಸರಿಯಿತು. "ರೋಗಿ ಹೆಸರು ನಾವು ಹೇಳೋ ಹಾಗಿಲ್ಲ ಸರ್."

ಬೆರಳು ತೋರಿಸಿದ್ದರೆ ಅವರ ಕೆಲಸ ಅಲ್ಲೇ ಆಗುತ್ತಿತ್ತು. ತೋರಿಸಲಿಲ್ಲ. ಹಳೇಬೀಡಿನ ನಂದಿಯ ಮುಂದೆ ನಿಂತಾಗಲೂ ನಾನು ಅಷ್ಟು ಬೆರಗಾಗಿರಲಿಲ್ಲ. ಬೀದರಿಗೆ ಕಳಿಸುತ್ತೇನೆಂದವನ ಗುಟ್ಟನ್ನೂ ಕಾಯುವವರು ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

"ಹೆಸರಿಲ್ಲದ ಕತೆ ತಗಂಡು ನಾನೇನ್ ಮಾಡ್ಲಿ?" ಎನ್ನುತ್ತ ಶಾಸಕರು ಹಾಳೆ ಮಡಿಚತೊಡಗಿದರು. ನನ್ನ ಕಾಲು ತಾನಾಗಿ ಎದ್ದು ನಿಂತಿತು.

"ನಾನೇ ಸ್ವಾಮಿ ಅವನು. ಏಳು ಹೋಳಿಗೆ ತಿಂದಿದ್ದೆ."

ಪಿ.ಎ. ಕಿಸಕ್ಕೆಂದ. ಶಾಸಕರು ನಗಲಿಲ್ಲ. ಮಡಿಚಿದ ಹಾಳೆ ಬಿಚ್ಚಿ ಪಿ.ಎ. ಕಡೆ ತಿರುಗಿದರು. "ಸದನಕ್ಕೆ ಪ್ರಶ್ನೆ ಬರ್ಕೊಳ್ಳಯ್ಯಾ. ಇವತ್ತಿಂದ ಈ ಮನೆಯಿಂದ ಆಸ್ಪತ್ರೆಗೆ ಫೋನ್ ಹೋಗಕೂಡದು."

ಆಗಲೇ ಪಿ.ಎ.ಯ ಫೋನ್ ಬಡಿದುಕೊಂಡಿತು. ಜಾವಗಲ್ಲಿನವನು ಯಾರೋ, ಆಸ್ಪತ್ರೆಗೆ ಒಂದು ಮಾತು ಹೇಳಿಸಬೇಕಂತೆ. ಶಾಸಕರು ಫೋನನ್ನು ನನ್ನ ಕೈಗೆ ತುರುಕಿದರು. "ನೀವೇ ಹೇಳ್ರೀ, ಅನುಭವಸ್ಥರು."

"ಅಣ್ಣನ ಕಾಲುಗುರು ಕಿತ್ತೋಗೈತೆ ಸಾ," ಎಂದ ಅವನು.

"ರಕ್ತ ನಿಂತಿದೆಯಾ ಕೇಳಿ," ಎಂದು ಡಾಕ್ಟರಮ್ಮ ಪಿಸುಗುಟ್ಟಿದರು. ಕೇಳಿದೆ. ನಿಂತಿತ್ತಂತೆ.

"ಹಂಗಾದ್ರೆ ಸರದೀಲಿ ಕಾಯಪ್ಪಾ."

"ಇಷ್ಟ್ ದಿನ ಇಲ್ದಿದ್ದು ಇವತ್ತೇನ್ರೀ? ಯಾರ್ರೀ ನೀವು, ಹೆಸರೇಳಿ!"

ಇಡೀ ಜಗುಲಿ ನನ್ನನ್ನೇ ನೋಡುತ್ತಿತ್ತು. ಡಾಕ್ಟರಮ್ಮನೂ ನೋಡುತ್ತಿದ್ದರು. ಜಾವಗಲ್ಲಿನಲ್ಲಿ ನನಗೆ ಬೀಗರಿದ್ದಾರೆ, ವ್ಯಾಪಾರವಿದೆ. ಗಂಟಲು ಸರಿಮಾಡಿಕೊಂಡು, "ಪಿ.ಎ." ಎಂದು ಹೇಳಿ ಫೋನ್ ಇಟ್ಟೆ.