ಸಮದೂರದ ಕುದುರೆ

ಬೇರೆಯಾದ ತಂದೆತಾಯಿಯರ ಮಗು ಸದಾಕಾಲ ಇಬ್ಬರಿಗೂ ಸರಿಸಮ ದೂರದಲ್ಲಿರತಕ್ಕದ್ದು ಎಂಬುದು ನಮ್ಮ ಪಾಲಕ ಸಮದೂರ ಕಚೇರಿಯ ಮೂಲ ನಿಯಮ. ನಿಯಮದಲ್ಲಿ ತಪ್ಪಿಲ್ಲ. ತಪ್ಪೇನಿದ್ದರೂ ಊರು ಬಿಟ್ಟು ಊರಿಗೆ ಹೋಗುವವರದ್ದು.

ಈ ಪ್ರಕರಣದ ತಾಯಿ ನರ್ಸು. ದೂರದ ಊರಿನ ಆಸ್ಪತ್ರೆಗೆ ಬಡ್ತಿಯ ಮೇಲೆ ವರ್ಗವಾಯಿತು. "ಮಗಳನ್ನೂ ಕರ್ಕೊಂಡು ಹೋಗ್ತೀನಿ ಸಾರ್," ಎಂದರು. ತಂದೆ ದರ್ಜಿ. "ಹಾಗಾದ್ರೆ ಭಾನುವಾರ ನಾನು ಯಾರ ಮುಖ ನೋಡ್ಲಿ?" ಎಂದು ನನ್ನ ಮೇಜಿನ ಮುಂದೆಯೇ ಅತ್ತರು. ಅಳುವವರಿಗೆಂದೇ ಹೊರಗೆ ಬೆಂಚು ಹಾಕಿಸಿದ್ದೇವೆ, ಒಬ್ಬರೂ ಬಳಸುವುದಿಲ್ಲ.

ನಮ್ಮ ಸಾಹೇಬರು ನಕ್ಷೆಯ ಮೇಲೆ ಸ್ಕೇಲು ಇಟ್ಟರು. ಎರಡೂ ಊರುಗಳ ನಟ್ಟನಡುವೆ ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿ ಬಂತು. ಮಗು ಅಲ್ಲೇ ವಾಸಿಸತಕ್ಕದ್ದೆಂದು ಆದೇಶವಾಯಿತು. ಅಂಗಡಿಯವನ ಹೆಂಡತಿ, "ಇರ್ಲಿ ಬಿಡಿ, ನಮ್ಮ ಮಕ್ಕಳ ಜೊತೆ ಇದೂ ಒಂದು," ಎಂದಳು. ಶಾಲೆ ಮಾತ್ರ ಅಂಗಡಿಯಿಂದ ತುಸು ಆಚೆಗಿತ್ತು. ಆದ್ದರಿಂದ ಪಾಠದ ವೇಳೆಯಲ್ಲಿ ತಾಯಿ ಆಸ್ಪತ್ರೆಯ ಹಿಂಬಾಗಿಲಲ್ಲೂ, ತಂದೆ ಹೊಲಿಗೆ ಮಿಷನ್ನು ಸಮೇತ ಬಸ್‌ಸ್ಟ್ಯಾಂಡಿನಲ್ಲೂ ಇರತಕ್ಕದ್ದೆಂದು ತಿದ್ದುಪಡಿ ಹೊರಡಿಸಿದೆವು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ನಾಟಕದಲ್ಲಿ ಹುಡುಗಿಯದು ರಾಜಕುಮಾರನ ಕುದುರೆಯ ಪಾತ್ರ.

"ಒಂದೇ ಒಂದ್ಸಲ ಒಳಗೆ ಬಿಡಿ ಸಾರ್. ಹಿಂದೆ ನಿಂತ್ಕೊಂಡು ನೋಡ್ತೀವಿ," ಎಂದು ಇಬ್ಬರೂ ಕೈಮುಗಿದರು.

"ಬೇರೆಯಾದವರು ಒಂದೇ ಸೂರಿನಡಿ ಸೇರುವಂತಿಲ್ಲ. ಒಟ್ಟಿಗೆ ಕೈಮುಗಿಯುವುದೂ ತಪ್ಪೇ," ಎಂದೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಕೊನೆಗೆ ಸಭಾಂಗಣದ ಎಡಗೋಡೆಯ ಹೊರಗೆ ತಾಯಿ, ಬಲಗೋಡೆಯ ಹೊರಗೆ ತಂದೆ ನಿಂತರು. ಕುದುರೆ ರಂಗದ ಹಿಂದಿನಿಂದ ಮುಂದಕ್ಕೆ ಓಡಿ ಬರಬೇಕಿತ್ತು. ಸಮದೂರ ಕೆಡಬಾರದಲ್ಲ, ಮುಂದಿನ ಸಾಲಿನಲ್ಲಿದ್ದ ಸಾಹೇಬರು ಮೈಕು ಹಿಡಿದು ಘೋಷಿಸಿದರು: "ಕುದುರೆ ಹೊರಟಿದೆ. ಪಾಲಕರು ಓಡತಕ್ಕದ್ದು!"

ಇಬ್ಬರೂ ಓಡಿದರು. ಅಷ್ಟರಲ್ಲಿ ತಂದೆ ಒಳಗೂ ಕೇಳಿಸುವಂತೆ ಅಯ್ಯೋ ಎಂದು ಕೂಗಿ ಮೋರಿಗೆ ಬಿದ್ದರು. ನಿಯಮದಂತೆ ಕುದುರೆ ಗಕ್ಕನೆ ನಿಂತಿತು. ಅದರ ಬೆನ್ನಿಗೇ ಓಡಿ ಬರುತ್ತಿದ್ದ ರಾಜಕುಮಾರ ಮುಗ್ಗರಿಸಿ ತಬಲದವರ ಮಡಿಲಿಗೆ ಬಿದ್ದ.

"ಅಪ್ಪಾ, ಬೇಗ ಏಳಪ್ಪಾ! ಎಲ್ಲರೂ ನೋಡ್ತಿದಾರೆ!" ಎಂದು ಕುದುರೆ ಕೂಗಿತು.

"ಎದ್ದೆ ಕಂದಾ, ಎದ್ದೆ!" ಎಂದಿತು ಬಲಗೋಡೆ.

"ರೀ, ಪೆಟ್ಟಾಯ್ತಾ? ಕಾಲು ಉಳುಕಿದ್ರೆ ನಿಧಾನ ಓಡಿ, ನಾನೂ ನಿಧಾನಕ್ಕೆ ಬರ್ತೀನಿ!" ಎಂದಿತು ಎಡಗೋಡೆ.

ಗೋಡೆಯಾಚೆಯಿಂದ ಕಾಳಜಿ ಮಾಡುವುದರ ಬಗ್ಗೆ ನಮ್ಮಲ್ಲಿ ನಿಯಮವಿಲ್ಲ. ಸಾಹೇಬರು ಕೇಳಿಸದವರಂತೆ ಕೂತರು. ಕುದುರೆ ತುಸು ಕುಂಟುತ್ತಾ ಬಂದು ನಿಂತಿತು. ಜನ ಎದ್ದು ಚಪ್ಪಾಳೆ ತಟ್ಟಿದರು. ಹೊರಗಿನಿಂದಲೂ ಎರಡು ಕಡೆ ಚಪ್ಪಾಳೆ ಕೇಳಿಸಿತು.

ಆಮೇಲೆ ಹುಡುಗಿ ಬಾಲ ಕೈಯಲ್ಲಿ ಹಿಡಿದು ಗೇಟಿನ ನಡುವೆ ನಿಂತು, "ನಾನು ಹೇಗೆ ಓಡಿದೆ?" ಎಂದಳು.

"ತುಂಬಾ ಚೆನ್ನಾಗಿ ಓಡಿದೆ ಚಿನ್ನಾ," ಎಂದರು ಇಬ್ಬರೂ, ಏದುಸಿರು ಬಿಡುತ್ತಾ. ಅವರು ಏನನ್ನೂ ನೋಡಿರಲಿಲ್ಲ. ನಾನು ನೋಡಿದ್ದೆ. ನಿಜಕ್ಕೂ ಚೆನ್ನಾಗಿ ಓಡಿದಳು.

ಮುಂದಿನ ವರ್ಷ ಅವಳದು ಹಕ್ಕಿಯ ಪಾತ್ರವಂತೆ. ಇಬ್ಬರೂ ಈಗಲೇ ಏಣಿಗೆ ಹೇಳಿಟ್ಟಿದ್ದಾರೆ.