ದೊಡವಾಡದ ಹುಡುಗಿಗೆ ದನಿ ಹುಡುಕಿದ್ದು

ಮಾತು ಬಾರದ ಮಕ್ಕಳಿಗೆ ಮಾತಿನ ಸಾಧನ ಹುಡುಕಿಕೊಡುವುದು ನನ್ನ ಕೆಲಸ. ಬೈಲಹೊಂಗಲದ ಸುತ್ತಮುತ್ತ ಮನೆ ಮನೆಗೆ ಹೋಗುತ್ತೇನೆ. ಈ ಕೆಲಸದಲ್ಲಿ ಪೇಚಿಗೆ ಬೀಳುವವರೆಲ್ಲ ಮಾತು ಬರುವವರೇ. ದೊಡವಾಡದ ಒಂದೇ ಮನೆಯ ಕಥೆ ಕೇಳಿ. ಹುಡುಗಿಗೆ ಒಂಬತ್ತು ವರ್ಷ. ಮಾತಿಲ್ಲ, ನಡಿಗೆಯಿಲ್ಲ. ಬಲಗೈಯ ಒಂದು ಬೆರಳು ಮಾತ್ರ ಹೇಳಿದಂತೆ ಕೇಳುತ್ತದೆ.

ಚಿತ್ರದ ಕುರ್ಚಿ

ಮೊದಲು ಚಿತ್ರದ ಕಾರ್ಡು ಒಯ್ದೆ. ಬೇಕಾದ್ದನ್ನು ಬೆರಳಿಟ್ಟು ತೋರಿಸಿದರಾಯಿತು. ಕಾರ್ಡುಗಳು ಯಾವುದೋ ದೊಡ್ಡ ಊರಿನವು. ಕಕ್ಕಸಿನ ಚಿತ್ರದಲ್ಲಿ ಬೆಳ್ಳಗಿನ ಕಮೋಡು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದಳು.

"ಅಕ್ಕಾರ, ನನ್ನ ಮಣಕಾಲ ಬ್ಯಾನಿಗೆ ಇಂಥಾ ಕುರ್ಚಿನ ಬೇಕಾಗಿತ್ತ ನೋಡ್ರಿ. ಅಂಗಳದಾಗ ಇಟ್ಕೊಂಡ ಬಿಸಲ ಕಾಸ್ಕೋಬಹುದು."

ಧಾರವಾಡದ ದವಾಖಾನೆಯಲ್ಲಿ ಅದನ್ನು ಕಂಡಿದ್ದ ಹುಡುಗಿ ಚಾಪೆ ಮೇಲೆ ಮಲಗಿದಲ್ಲೇ ಮೈ ಕುಲುಕಿ ನಕ್ಕಳು. ಕಾರ್ಡಿನಿಂದ ಅವಳು ಹೇಳಿದ ಮೊದಲ ಮಾತು ಅದೇ ನಗು.

ಅಪ್ಪನ ದನಿ

ಆಮೇಲೆ ಒತ್ತುವ ಗುಂಡಿಯೊಂದನ್ನು ಒಯ್ದೆ. ಅದರಲ್ಲಿ ಯಾರಾದರೂ ಮಾತು ತುಂಬಿಟ್ಟರೆ, ಒತ್ತಿದಾಗ ಅದೇ ಮಾತು ಕೇಳಿಸುತ್ತದೆ. ಅಪ್ಪ ಗಂಟಲು ಸರಿಮಾಡಿಕೊಂಡು "ನೀರ ಕೊಡು" ಎಂದು ತುಂಬಿದ.

ಮರುದಿನ ನಾನು ಹೋದಾಗ ಅವನು ಹೊಲದಲ್ಲಿದ್ದ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಗುಂಡಿ ಒತ್ತಿದಳು. "ನೀರ ಕೊಡು!"

ಒಳಗಿನಿಂದ ಬಂತು: "ಕೈಕಾಲ ಗಟ್ಟಿ ಅದಾವಲ್ರೀ, ಎದ್ದ ತಗೊಂಡ ಕುಡೀರಿ!"

ಹುಡುಗಿ ಮತ್ತೆ ಒತ್ತಿದಳು. ಅವ್ವ ಹಿಟ್ಟಿನ ಕೈಲೇ ಜಗಳಕ್ಕೆ ಹೊರಬಂದಳು. ಮಗಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ನೀರು ಕುಡಿಸಿ ನನ್ನ ಕಡೆ ತಿರುಗಿ ಅಂದಳು, "ಅಕ್ಕಾರ, ಇದರಾಗ ಅವರ ದನಿ ಬ್ಯಾಡ್ರಿ. ಆ ದನಿ ಕೇಳಿದ್ರ ನನಗ ಏಳಾಕ ಮನಸ ಬರೂದಿಲ್ಲ."

ಯಾರ ಜೋಡಿ?

ಕೊನೆಗೆ ಟ್ಯಾಬ್ ಆಗಬಹುದೆಂದು ಅಪ್ಪನೂ ನಾನೂ ಬೈಲಹೊಂಗಲದ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವ ಕ್ಯಾಮೆರಾ ಹೊಗಳತೊಡಗಿದ.

"ಕ್ಯಾಮೆರಾ ಬಿಡ್ರಿ, ದನಿ ಜೋರ ಇರಬೇಕು. ಮಗಳು ಇದರಾಗ ಮಾತಾಡಬೇಕು," ಅಂದ ಅಪ್ಪ.

"ಯಾರ ಜೋಡಿ?"

"ನಮ್ಮ ಜೋಡಿ."

"ಒಂದ ಮನ್ಯಾಗ ಇರ್ತೀರಿ, ಮಾತಾಡಾಕ ಇದ್ಯಾಕ ಬೇಕ್ರಿ?" ಎಂದವನು ಸ್ವಲ್ಪ ಯೋಚಿಸಿ ಉಸಿರುಬಿಟ್ಟ. "ಆದ್ರೂ ಖರೆ. ನಾನೂ ನನ್ನ ಹೇಣ್ತಿನೂ ಆರ ತಿಂಗಳಿಂದ ಒಂದ ಮನ್ಯಾಗಿದ್ದೂ ಮೊಬೈಲದಾಗ ಮಾತಾಡಾಕ ಹತ್ತೇವಿ."

ಅತ್ತಿ ಬಂದಾಗ

ಟ್ಯಾಬಿನಲ್ಲಿ ಚಿತ್ರ ಮುಟ್ಟಿದರೆ ಮಾತು ಬರುವಂತೆ ಪಕ್ಕದ ಮನೆಯ ನಾಲ್ಕನೇ ತರಗತಿ ಹುಡುಗಿಯ ದನಿ ತುಂಬಿದೆವು. ನೀರು, ಊಟ, ಚಾ, ಅಪ್ಪ, ಅವ್ವ. ನಾನು 'ಬ್ಯಾಡ', 'ಸಾಕು', 'ಹೋಗು' ಸೇರಿಸಿದಾಗ ಅಪ್ಪ ತಡೆದ. "ಅಂಥಾವ್ಯಾಕ್ರಿ?"

"ನಿಮಗ ಯಾರ ಮ್ಯಾಲೂ ಸಿಟ್ಟ ಬರೂದಿಲ್ಲೇನ್ರಿ?" ಅಂದೆ. ಅವನು ಟ್ಯಾಬ್ ನನ್ನ ಕಡೆ ಸರಿಸಿದ.

ಒಂದು ತಿಂಗಳು ಕಳೆದಿತ್ತು. ಸವದತ್ತಿಯಿಂದ ಅಪ್ಪನ ಅಕ್ಕ, ಹುಡುಗಿಯ ಅತ್ತಿ, ಬಂದಿದ್ದಳು. ನಾನೂ ಅಲ್ಲೇ ಇದ್ದೆ. ಅತ್ತಿ ಎರಡನೇ ಕಪ್ ಚಹಾ ಕುಡಿಯುತ್ತ ಹುಡುಗಿಯ ಕೆನ್ನೆ ಹಿಂಡಿ, ಅವಳ ಎದುರಿಗೇ, "ಪಾಪ, ಇದಕ್ಕ ಏನ ತಿಳೀತೈತಿ," ಎಂದಳು.

ಹುಡುಗಿಯ ಬೆರಳು ಎದ್ದಿತು. ಟ್ಯಾಬಿನ ಮೇಲೆ ನಡುಗುತ್ತ ಅಲೆಯಿತು. ಎಲ್ಲರೂ ಕಾದೆವು.

"ಚಾ." ಸ್ವಲ್ಪ ಹೊತ್ತು. "ಸಾಕು." ಮತ್ತೂ ಸ್ವಲ್ಪ ಹೊತ್ತು. "ಹೋಗು."

ಅತ್ತಿಯ ಕಪ್ ಬಾಯಿಗೂ ಸಾಸರಿಗೂ ನಡುವೆ ನಿಂತಿತು. ನಾನು ಕಿಟಕಿ ನೋಡಿದೆ. ಅಪ್ಪ ಕೆಂಪಗಾಗಿ ಗದರಿದ: "ಏ, ಭಾಳ ಮಾತಾಡಬ್ಯಾಡ! ಸುಮ್ನಿರು!"

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಬಹುಶಃ ಎರಡೂ. ಅಜ್ಜಿ ಮಗನ ಕಡೆ ತಿರುಗಿದಳು. "ಏನಂದ್ಯೋ? ಒಂಬತ್ತ ವರ್ಷ ಕೂಸು ಮಾತಾಡ್ಲಿ ಅಂತ ಕಂಡ ದೇವರಿಗೆಲ್ಲಾ ಹರಕಿ ಹೊತ್ತಿ. ಈಗ ಸುಮ್ನಿರು ಅಂತೀಯೇನು?"

ಅಪ್ಪನಿಗೆ ತಾನಂದದ್ದು ಆಗ ಹೊಳೆಯಿತು. ಕಣ್ಣು ತುಂಬಿ ಬಂತು. ಮಗಳ ಮುಂದೆ ಕುಂತು, "ತಪ್ಪಾತವ್ವಾ. ಮಾತಾಡು. ಎಷ್ಟ ಬೇಕಾದ್ರೂ ಮಾತಾಡು. ದಿನಾ ಮಾತಾಡು, ನಾ ಕೇಳ್ಕೋತ ಕುಂದರ್ತೇನಿ..." ಎಂದು ಶುರು ಹಚ್ಚಿದವನು ನಿಲ್ಲಿಸಲೇ ಇಲ್ಲ.

ಬೆರಳು ಮತ್ತೆ ಎದ್ದಿತು.

"ಅಪ್ಪ."

ಅವನು ಕಿವಿ ಹತ್ತಿರ ತಂದ.

"ಸಾಕು."