ಬೇಕಂತ ಸೋಲದ ಮಾಮ

ನಮ್ಮ ಮಾಮನಷ್ಟು ನಿರ್ದಯಿ ಮನುಷ್ಯನನ್ನು ಹರಿಹರ ಕಂಡಿರಲಿಕ್ಕಿಲ್ಲ. ಹತ್ತು ವರ್ಷದ ಹುಡುಗನನ್ನು ಆಟದಲ್ಲಿ ಸೋಲಿಸಿ, ಎದ್ದು ಹೋಗಿ ನೆಮ್ಮದಿಯಾಗಿ ಉಣ್ಣುತ್ತಿದ್ದವರು ಅವರು. ಬೇರೆ ಮನೆಗಳ ಮಾವಂದಿರು ಮಕ್ಕಳೆದುರು ಬೇಕೆಂದೇ ಸೋತು ಬೆನ್ನು ತಟ್ಟುತ್ತಿದ್ದರು. ನಮ್ಮವರಿಗೆ ಆ ವಿದ್ಯೆ ಹತ್ತಲೇ ಇಲ್ಲ.

ಆಟವೆಂದರೆ ಕರೆಂಟಿನ ಫುಟ್‌ಬಾಲ್. ಮಾಮ ಅದನ್ನು ದಾವಣಗೆರೆಯ ಗುಜರಿ ಅಂಗಡಿಯೊಂದರಿಂದ ಹೊತ್ತು ತಂದಿದ್ದರು. ಮೇಜಿನ ಮೇಲಿಡುವ ಹಸಿರು ತಗಡಿನ ಮೈದಾನ. ಸ್ವಿಚ್ ಹಾಕಿದರೆ ತಗಡು ಗುರ್ರೆಂದು ನಡುಗಿ, ಪ್ಲಾಸ್ಟಿಕ್ ಆಟಗಾರರು ಚಳಿಜ್ವರ ಬಂದವರಂತೆ ಅದುರುತ್ತಾ ಹೊರಡುತ್ತಿದ್ದರು. ಗೋಲಿನ ಕಡೆಗೇ ಹೋಗಬೇಕೆಂಬ ಹಟ ಅವರಲ್ಲಿ ಯಾರಿಗೂ ಇರಲಿಲ್ಲ. ಒಮ್ಮೆ ಗೋಲ್‌ಕೀಪರ್ ನಡೆದೂ ನಡೆದೂ ಅತ್ತೆ ಬಿಡಿಸುತ್ತಿದ್ದ ಮೆಂತ್ಯ ಸೊಪ್ಪಿಗೆ ಬಿದ್ದು, ಮಧ್ಯಾಹ್ನ ಪಲ್ಯದಲ್ಲಿ ಸಿಕ್ಕ.

ಭಾನುವಾರ ಭಾನುವಾರ ನಾನೂ ಅಕ್ಕನೂ ಹರಿಹರಕ್ಕೆ ಹೋಗಿ ಆಡುತ್ತಿದ್ದೆವು. ಜಗಳವೆಲ್ಲ ಪಾಸು ಕೊಡುವಾಗ. ಸ್ವಿಚ್ ಆರಿಸಿ, ಥರ್ಮಕೋಲಿನ ಚೆಂಡನ್ನು ನಮ್ಮ ಆಟಗಾರನ ಕಾಲ ಬಳಿ ಇಟ್ಟು ಬೆರಳಿಂದ ಚಿಮ್ಮಬೇಕು. ನಮ್ಮದೇ ಇನ್ನೊಬ್ಬ ಆಟಗಾರನಿಗೆ ತಾಗಿದರೆ ಪಾಸು; ಇಲ್ಲವಾದರೆ ಚೆಂಡು ಎದುರಾಳಿಗೆ. ಮಾಮನದು ಹೊಲ ಅಳೆಯುವ ನೌಕರಿ. ಪಕ್ಕದ ಸಾರಥಿ ಹಳ್ಳಿಯಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಬಡಿದಾಡುವಾಗಲೂ ಅವರು ಇಷ್ಟು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ.

"ನನ್ನ ಬೆರಳು ಉದ್ದ ಅದಾವು, ನಿಮ್ಮವು ಗಿಡ್ಡ. ಇದು ನ್ಯಾಯ ಅಲ್ಲ" ಎಂದು ತಾವು ಕಿರುಬೆರಳಲ್ಲಷ್ಟೇ ಚಿಮ್ಮುವ ನಿಯಮ ಮಾಡಿದರು. ಅಕ್ಕನಿಗೆ ಗುರಿ ಕಡಿಮೆ, ಅವಳಿಗೆ ಎರಡು ಅವಕಾಶ. ಎಲ್ಲವನ್ನೂ ಹಳೆ ಕ್ಯಾಲೆಂಡರಿನ ಹಿಂದೆ ಬರೆದು ಮೂವರೂ ಸಹಿ ಹಾಕಿದೆವು. ಇಷ್ಟು ಮಾಡಿ, ಕಿರುಬೆರಳಲ್ಲೇ ನಮ್ಮನ್ನು ಸೋಲಿಸಿದರು.

"ಹುಡುಗ್ರ ಹತ್ರ ಒಂದು ಸಲ ಸೋತ್ರೆ ನಿಮ್ಮ ಗಂಟೇನ್ರಿ ಹೋಗೋದು?" ಎಂದರು ಅತ್ತೆ.

"ನನ್ನ ಗಂಟು ಹೋಗಲ್ಲ. ಬೇಕಂತ ಸೋತ್ರೆ ಅವ್ರ ಮರ್ಯಾದಿ ಹೋಗ್ತೈತೆ."

ಆ ವರ್ಷ ಅಪ್ಪ ತೀರಿಕೊಂಡರು. ಸರಸ್ವತಿ ನಗರದ ನಮ್ಮ ಮನೆಗೆ ಬೀಗ ಹಾಕಿ ಅಮ್ಮ ನಮ್ಮಿಬ್ಬರನ್ನೂ ಮಾಮನ ಮನೆಗೆ ಕರೆತಂದಳು. ಎಲ್ಲರೂ ನನ್ನನ್ನು ತುಂಬಿದ ಹಾಲಿನ ಪಾತ್ರೆಯಂತೆ ಜೋಪಾನ ಮಾಡತೊಡಗಿದರು. ಬಂದವರೆಲ್ಲ ತಲೆ ಸವರಿ ಬಿಸ್ಕತ್ತು ಕೊಟ್ಟರು. ಆಟದಲ್ಲಿ ಅಕ್ಕ ಕೂಡ ಬೇಕೆಂದೇ ಪಾಸು ತಪ್ಪಿಸಿದಳು. ನಾನು ಗೆದ್ದೆ, ಮತ್ತೆ ಗೆದ್ದೆ; ಏನೂ ಅನ್ನಿಸಲಿಲ್ಲ. ಅಪ್ಪ ಹೋದ ದಿನದಿಂದ ನಾನು ಒಮ್ಮೆಯೂ ಅತ್ತಿರಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಮಾಮ, "ನೀ ಏಳವ್ವ" ಎಂದು ಅಕ್ಕನನ್ನು ಎಬ್ಬಿಸಿ ತಾವು ಕೂತರು. ಇವತ್ತೊಂದು ದಿನ ಸೋಲಿರಿ ಎಂದು ಅತ್ತೆ ಬಾಗಿಲಿಂದ ಕಣ್ಸನ್ನೆ ಮಾಡಿದರು. ಮಾಮ ಆ ಕಡೆ ತಿರುಗಲಿಲ್ಲ.

ನಾಲ್ಕು-ನಾಲ್ಕು ಗೋಲಾಗಿತ್ತು. ನಾನು ಚಿಮ್ಮಿದ ಚೆಂಡು ನನ್ನ ಆಟಗಾರನ ಪಕ್ಕ ಹೋಗಿ ನಿಂತಿತು.

"ತಾಗೈತೆ ಮಾಮ."

ಮಾಮ ಬಗ್ಗಿ, ಚೆಂಡಿಗೂ ಆಟಗಾರನಿಗೂ ನಡುವೆ ಕಾಗದದ ಚೂರೊಂದನ್ನು ತೂರಿಸಿದರು. ಅದು ಸಲೀಸಾಗಿ ಈಚೆ ಬಂತು. "ಇಲ್ಲಪ್ಪ. ತಾಗಿಲ್ಲ."

"ತಾಗೈತೆ. ನೀ ಮೋಸ ಮಾಡ್ತೀ. ನಾ ನಮ್ಮಪ್ಪಗೆ ಹೇಳ್ತೀನಿ."

ಹೇಳಿದ ಮೇಲೆ ನನಗೇ ಕೇಳಿಸಿತು. ಅಳು ಎಲ್ಲಿತ್ತೋ, ಒಮ್ಮೆಲೇ ನುಗ್ಗಿ ಬಂತು. ಅತ್ತೆ ಓಡಿ ಬಂದರು. ಮಾಮ ಕೈ ಅಡ್ಡ ಹಿಡಿದು ತಡೆದರು. ತಾವೇ ಮೇಜು ಸುತ್ತಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತು, ನನ್ನನ್ನು ಎದೆಗೆ ಎಳೆದುಕೊಂಡರು. ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ. ಅವರ ಅಂಗಿಯೆಲ್ಲ ಒದ್ದೆಯಾಯಿತು.

ಎಷ್ಟೋ ಹೊತ್ತಿಗೆ ಅಳು ನಿಂತಾಗ ಮಾಮ ಮೇಜಿನ ಕಡೆ ನೋಡಿ ಕೇಳಿದರು, "ಚೆಂಡು ಯಾರ್ದು?"

ನಾನು ಮೂಗೊರೆಸಿಕೊಂಡು ಹೇಳಿದೆ, "ನಿಂದು."